ಲ್ಯಾಕ್ಟಿಕ್ ಆಸಿಡ್ಡೇ ಬರದ ಸ್ನಾಯು: 1951ರ ಒಂದು ಕೇಸ್ ಮತ್ತು ಅದು ಬಿಚ್ಚಿಟ್ಟ ವಿಷಯಗಳು

ವ್ಯಾಯಾಮ ಮಾಡಿ ಮೈಕೈ ನೋವು ಬಂದ್ರೆ "ಲ್ಯಾಕ್ಟಿಕ್ ಆಸಿಡ್ ತುಂಬ್ಕೊಂಡಿದೆ ಅದಕ್ಕೆ" ಅಂತ ಹೇಳೋದು ಎಲ್ಲರ ಬಾಯಲ್ಲೂ ಕೂತುಬಿಟ್ಟಿದೆ. ಹಂಗಾದ್ರೆ ಲ್ಯಾಕ್ಟಿಕ್ ಆಸಿಡ್ ಬರದೇ ಇರೋ ಸ್ನಾಯುಗೆ ನೋವೇ ಆಗಬಾರದು ಅಲ್ವಾ, ಸುಸ್ತೂ ಆಗಬಾರದು. ಅಂಥ ಸ್ನಾಯು ಇರೋ ಮನುಷ್ಯ ನಿಜವಾಗ್ಲೂ ಒಬ್ಬ ಸಿಕ್ಕಿದ್ದ, ಮತ್ತೆ ಅವನ ಕಥೆ ಪೂರ್ತಿ ಉಲ್ಟಾ ಇತ್ತು. ಸ್ನಾಯು ಹೆಂಗೆ ಕೆಲಸ ಮಾಡತ್ತೆ ಅಂತ ಯಾರಾದ್ರೂ ಕೇಳಿದ್ರೆ ಪಾಠದ ಚಿತ್ರಕ್ಕಿಂತ ಮೊದಲು ಈ ಕೇಸ್ ಹೇಳಬೇಕು ಅನ್ನೋದು ನನ್ನ ಅಭಿಪ್ರಾಯ, ಯಾಕಂದ್ರೆ ಒಂದೇ ಒಂದು ಭಾಗ ಕೆಟ್ಟು ಹೋದಾಗ ಮಿಕ್ಕಿದ್ದೆಲ್ಲ ಯಾಕೆ ಇದೆ ಅಂತ ತಾನಾಗೇ ಗೊತ್ತಾಗತ್ತೆ.

ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಬ್ರಯಾನ್ ಮ್ಯಾಕ್‌ಆರ್ಡಲ್ ಅಂತ ಡಾಕ್ಟರ್ ಇದ್ರು, 1951ರಲ್ಲಿ ಅವರು ಒಬ್ಬನೇ ಒಬ್ಬ ಪೇಷಂಟ್ ಬಗ್ಗೆ ಒಂದು ಪೇಪರ್ ಬರೆದ್ರು. 30 ವರ್ಷದ ಗಂಡಸು. ತೊಂದರೆ ಏನಪ್ಪಾ ಅಂದ್ರೆ ಚಿಕ್ಕ ವಯಸ್ಸಿಂದಾನೂ ಸ್ವಲ್ಪ ಕೆಲಸ ಮಾಡಿದ್ರೆ ಸಾಕು, ಯಾವ ಸ್ನಾಯು ಬಳಸ್ತಾನೋ ಆ ಸ್ನಾಯುಗೆ ನೋವು, ಅಲ್ಲಿಗೆ ನಿಲ್ಲಿಸದೆ ಮುಂದುವರಿಸಿದ್ರೆ ಶಕ್ತಿ ಹೋಗಿ ಸ್ನಾಯು ಗಟ್ಟಿಯಾಗಿ ಹಿಡ್ಕೊಂಡುಬಿಡೋದು, ಬಿಡಿಸೋಕೆ ಆಗ್ತಿರಲಿಲ್ಲ. ಕಾಲು ಅಂತಲ್ಲ ಕೈ ಅಂತಲ್ಲ, ಯಾವುದಾದ್ರೂ ಸರಿ. ಸುಮ್ಮನೆ ಕೂತು ರೆಸ್ಟ್ ತಗೊಂಡ್ರೆ ಹೋಗೋದು. ಕೂತಾಗ ನೋಡಿದ್ರೆ ಆರೋಗ್ಯವಾಗೇ ಕಾಣ್ತಾನೆ.

ಇಲ್ಲಿ ಒಂದು ಮಾತು ಹೇಳ್ಲೇಬೇಕು. ಈ ಥರ ತೊಂದರೆ ಇರೋ ಮಕ್ಕಳನ್ನ ಇವತ್ತಿಗೂ "ಸೋಮಾರಿ", "ನಾಟಕ ಮಾಡ್ತಾನೆ" ಅಂತಾನೇ ಅಂದುಬಿಡ್ತಾರೆ, ಆಟದ ಪೀರಿಯಡ್ಡಲ್ಲಿ ಬೈಸ್ಕೊಂಡು, ತಮಗೇ ಏನೋ ಮನಸ್ಸಿನ ತೊಂದರೆ ಇರಬಹುದಾ ಅಂತ ಅನುಮಾನ ಪಟ್ಕೊಂಡು ಬೆಳೆದು, ಸರಿಯಾದ ಕಾರಣ ಗೊತ್ತಾಗೋ ಹೊತ್ತಿಗೆ ಎಷ್ಟೋ ಜನಕ್ಕೆ ಮೂವತ್ತೋ ನಲವತ್ತೋ ದಾಟಿರತ್ತೆ. ಪರೀಕ್ಷೆ ಮಾಡೋ ಹೊತ್ತಲ್ಲಿ ಏನೂ ಕಾಣದೇ ಇರೋ ಕಾಯಿಲೆ ಇದು, ಅದೇ ಇದರ ದೊಡ್ಡ ಕಷ್ಟ. ಮ್ಯಾಕ್‌ಆರ್ಡಲ್ ಅವರ ಬಗ್ಗೆ ನನಗೆ ಇರೋ ಗೌರವ ಇದೇ ಕಾರಣಕ್ಕೆ: ಆ ಪೇಷಂಟ್ ಹೇಳಿದ ಮಾತನ್ನ ಅವರು ಇದ್ದ ಹಾಗೇ ತಗೊಂಡು, ಕೂತಾಗ ಕಾಣಲ್ಲ ಅಂದ್ರೆ ಕೆಲಸ ಮಾಡಿಸಿ ನೋಡೋಣ ಅಂತ ಹೊರಟ್ರು.

ಅವರು ಮಾಡಿದ ಟೆಸ್ಟ್ ಅರ್ಥ ಆಗಬೇಕು ಅಂದ್ರೆ ಸ್ನಾಯು ಕೆಲಸ ಮಾಡೋ ರೀತಿ ಒಂಚೂರು ಗೊತ್ತಿರಬೇಕು. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕ ಬಿಡುಗಡೆ ಆಗತ್ತೆ, ಅದು ಸ್ನಾಯು ತಂತುವಿನ ಮೇಲೆ ಒಂದು ವಿದ್ಯುತ್ ಅಲೆ ಎಬ್ಬಿಸತ್ತೆ, ಆ ಅಲೆ ಸಣ್ಣ ಸಣ್ಣ ನಾಳಗಳ ಮೂಲಕ ತಂತುವಿನ ಒಳಕ್ಕೆ ಇಳಿಯತ್ತೆ, ಅಲ್ಲಿ ಚೀಲದ ಥರ ಇರೋ ಜಾಗದಲ್ಲಿ ಕೂಡಿಟ್ಟಿರೋ ಕ್ಯಾಲ್ಸಿಯಂ ಒಂದೇ ಸಲ ಹೊರಗೆ ಬರತ್ತೆ. ಈ ಕ್ಯಾಲ್ಸಿಯಂ ಹೋಗಿ ಟ್ರೋಪೋನಿನ್ ಅನ್ನೋ ಪ್ರೋಟೀನಿಗೆ ಅಂಟ್ಕೊಳ್ಳತ್ತೆ, ಆಗ ಆಕ್ಟಿನ್ ಎಳೆ ಮೇಲೆ ಮುಚ್ಚಿದ್ದ ಜಾಗ ತೆರ್ಕೊಳ್ಳತ್ತೆ, ಪಕ್ಕದಲ್ಲಿರೋ ದಪ್ಪ ಮಯೋಸಿನ್ ಎಳೆಯ ತಲೆಗಳು ಅದನ್ನ ಹಿಡ್ಕೊಂಡು ಎಳೀತವೆ. ಒಂದು ಎಳೆತಕ್ಕೆ ಮಯೋಸಿನ್ ತಲೆ ಸರಿಯೋದು ಸುಮಾರು 5ರಿಂದ 10 ನ್ಯಾನೋಮೀಟರ್ ಅಷ್ಟೇ, ಆದ್ರೆ ಲೆಕ್ಕ ಇಲ್ಲದಷ್ಟು ತಲೆಗಳು ಮತ್ತೆ ಮತ್ತೆ ಎಳೆಯೋದ್ರಿಂದ ನಿಮ್ಮ ಕೈ ಮಡಚತ್ತೆ. ಎಳೆಗಳು ಗಿಡ್ಡ ಆಗಲ್ಲ, ಒಂದರ ಪಕ್ಕ ಒಂದು ಸರಿದು ಹೋಗ್ತವೆ. (ಇದು ಗೊತ್ತಾಗಿದ್ದು 1954ರಲ್ಲಿ, ಆಂಡ್ರ್ಯೂ ಹಕ್ಸ್‌ಲಿ ಮತ್ತು ನೀಡರ್‌ಗರ್ಕೆ ಒಂದು ಕಡೆ, ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್ ಇನ್ನೊಂದು ಕಡೆ, ನೇಚರ್ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಬಂದ ಎರಡು ಪೇಪರು. ಅಂದ್ರೆ ಮ್ಯಾಕ್‌ಆರ್ಡಲ್ ತಮ್ಮ ಪೇಷಂಟ್‌ನ ನೋಡುವಾಗ ಇದು ಇನ್ನೂ ಯಾರಿಗೂ ಗೊತ್ತಿರಲಿಲ್ಲ!)

ಈಗ ಜಾಸ್ತಿ ಜನ ಗಮನ ಕೊಡದೇ ಇರೋ ಜಾಗಕ್ಕೆ ಬರ್ತೀನಿ. ಸ್ನಾಯು ಬಿಗಿಯೋಕೆ ಶಕ್ತಿ ಬೇಕು, ಸಡಿಲ ಬಿಡೋಕೆ ಏನೂ ಬೇಡ, ಸುಮ್ಮನೆ ಬಿಟ್ರೆ ಆಯ್ತು ಅಂತ ನಮಗೆಲ್ಲ ಅನ್ಸತ್ತೆ. ಹಾಗಿಲ್ಲ. ಎಳೆದು ಮುಗಿಸಿದ ಮಯೋಸಿನ್ ತಲೆ ಆಕ್ಟಿನ್‌ನ ಬಿಡಬೇಕು ಅಂದ್ರೆ ಅದಕ್ಕೆ ಒಂದು ಹೊಸ ಎಟಿಪಿ (ಜೀವಕೋಶಗಳು ಶಕ್ತಿಗೆ ಅಂತ ಖರ್ಚು ಮಾಡೋ ಸಣ್ಣ ಅಣು) ಬಂದು ಅಂಟ್ಕೊಳ್ಳಬೇಕು. ಎಟಿಪಿ ಬರದಿದ್ರೆ ಹಿಡಿದ ತಲೆ ಹಿಡಿದ ಹಾಗೇ ಇರತ್ತೆ. ಅದರ ಜೊತೆಗೆ ಹೊರಗೆ ಬಂದಿದ್ದ ಕ್ಯಾಲ್ಸಿಯಂ ಎಲ್ಲಾ ವಾಪಸ್ ಚೀಲಕ್ಕೆ ಹೋಗಬೇಕು, ಅದೂ ತಾನಾಗೇ ಹೋಗಲ್ಲ, ಒಳಗೆ ಆಗಲೇ ಸಾವಿರಾರು ಪಟ್ಟು ಜಾಸ್ತಿ ಕ್ಯಾಲ್ಸಿಯಂ ಇರತ್ತೆ, ಅದರ ವಿರುದ್ಧ ತಳ್ಳೋಕೆ ಅಂತಾನೇ ಪಂಪುಗಳಿವೆ, ಅವುಗಳಿಗೂ ಎಟಿಪಿನೇ ಬೇಕು. ಸತ್ತ ಮೇಲೆ ಕೆಲವು ಗಂಟೆಗಳಲ್ಲಿ ದೇಹ ಸೆಟೆದು ಮರಗಟ್ಟೋದು ಇದೇ ಕಾರಣಕ್ಕೆ, ಎಟಿಪಿ ಮುಗಿದು ಮಯೋಸಿನ್ ತಲೆಗಳು ಹಿಡಿದಲ್ಲೇ ನಿಂತಿರ್ತವೆ, ಆಮೇಲೆ ಒಂದೆರಡು ದಿನದಲ್ಲಿ ಪ್ರೋಟೀನ್‌ಗಳೇ ಒಡೆದು ಹೋದಾಗ ಮತ್ತೆ ಸಡಿಲ ಆಗತ್ತೆ.

ಹಾಗಾದ್ರೆ ಈ ಎಟಿಪಿ ಎಲ್ಲಿಂದ ಬರತ್ತೆ? ಸ್ನಾಯು ಒಳಗೆ ರೆಡಿ ಇರೋದು ಜೋರಾಗಿ ಕೆಲಸ ಮಾಡಿದ್ರೆ ಎರಡು ಮೂರು ಸೆಕೆಂಡಿಗೆ ಸಾಲೋವಷ್ಟು ಮಾತ್ರ. ಅದರ ಹಿಂದೆ, ಖರ್ಚಾದ ಎಟಿಪಿನ ತಕ್ಷಣ ತುಂಬಿಕೊಡೋ ಕ್ರಿಯೇಟಿನ್ ಫಾಸ್ಫೇಟ್ ಇದೆ, ಅದು ಇನ್ನೊಂದು ಹತ್ತು ಸೆಕೆಂಡ್ ತಳ್ಳತ್ತೆ. ಅಷ್ಟರಲ್ಲಿ ಸ್ನಾಯು ತನ್ನೊಳಗೇ ಕೂಡಿಟ್ಟಿರೋ ಗ್ಲೈಕೋಜೆನ್ ಒಡೆಯೋಕೆ ಶುರು ಮಾಡಬೇಕು. ಗ್ಲೈಕೋಜೆನ್ ಅಂದ್ರೆ ಗ್ಲೂಕೋಸ್‌ಗಳ ಉದ್ದದ ಕವಲೊಡೆದ ಸರ, ಒಬ್ಬ ದೊಡ್ಡವರ ಎಲ್ಲಾ ಸ್ನಾಯು ಸೇರಿಸಿದ್ರೆ ಸುಮಾರು 400 ಗ್ರಾಂ ಇರತ್ತೆ. ಅದು ಒಡೆದು ಆಮ್ಲಜನಕ ಇಲ್ಲದೇನೂ ಬೇಗ ಬೇಗ ಎಟಿಪಿ ಕೊಡತ್ತೆ, ಆಗ ಹುಟ್ಟೋದೇ ಲ್ಯಾಕ್ಟೇಟ್, ಅಂದ್ರೆ ನಾವು ಲ್ಯಾಕ್ಟಿಕ್ ಆಸಿಡ್ ಅಂತ ಕರೆಯೋದು. ಆಮ್ಲಜನಕ ಬಳಸ್ಕೊಂಡು ಗ್ಲೂಕೋಸ್, ಕೊಬ್ಬು ಉರಿಸೋ ದಾರಿ ಇನ್ನೂ ಎಷ್ಟೋ ಜಾಸ್ತಿ ಎಟಿಪಿ ಕೊಡತ್ತೆ, ಆದ್ರೆ ಅದು ಪೂರ್ತಿ ವೇಗ ಹಿಡಿಯೋಕೆ ಕೆಲವು ನಿಮಿಷ ಬೇಕು, ರಕ್ತ ಜೋರಾಗಿ ಹರಿಬೇಕು, ಕೊಬ್ಬು ಶೇಖರಣೆಯಿಂದ ಬಂದು ತಲುಪಬೇಕು. ಮೊದಲ ಕೆಲವು ನಿಮಿಷಕ್ಕೂ ಜೋರು ಕೆಲಸಕ್ಕೂ ಗ್ಲೈಕೋಜೆನ್ನೇ ಆಸರೆ.

ಈಗ ಟೆಸ್ಟ್. ತೋಳಿಗೆ ಬಿಪಿ ನೋಡೋ ಪಟ್ಟಿ ಕಟ್ಟಿ, ಮುಂಗೈಗೆ ರಕ್ತ ಹೋಗದ ಹಾಗೆ ಗಾಳಿ ತುಂಬಿ, ಆ ಕೈಯಿಂದ ಮುಷ್ಟಿ ಹಿಸುಕು ಬಿಡು ಹಿಸುಕು ಬಿಡು ಅಂತ ಮಾಡಿಸೋದು. ರಕ್ತ ಬರ್ತಿಲ್ಲ ಅಂದ್ರೆ ಆಮ್ಲಜನಕ ಇಲ್ಲ, ಹೊರಗಿನ ಗ್ಲೂಕೋಸ್ ಇಲ್ಲ, ಕೊಬ್ಬೂ ಇಲ್ಲ, ಸ್ನಾಯು ತನ್ನ ಗ್ಲೈಕೋಜೆನ್ ಮೇಲೇನೇ ಬದುಕಬೇಕು. ಆಮೇಲೆ ಪಟ್ಟಿ ಬಿಚ್ಚಿ ಆ ಕೈಯಿಂದ ರಕ್ತ ತೆಗೆದು ಲ್ಯಾಕ್ಟೇಟ್ ಅಳೆಯೋದು. ಆರೋಗ್ಯವಂತರಲ್ಲಿ ಅದು ಮೂರರಿಂದ ಐದು ಪಟ್ಟು ಏರತ್ತೆ. ಈ ಪೇಷಂಟ್‌ದು ಏರಲೇ ಇಲ್ಲ, ಬದಲಿಗೆ ಸ್ವಲ್ಪ ಇಳೀತು! ಕೈಯಂತೂ ಬೇಗ ಸೋತು ಹಿಡ್ಕೊಂಡುಬಿಡ್ತು.

ಅಲ್ಲಿಗೆ ಬಿಡದೆ ಮ್ಯಾಕ್‌ಆರ್ಡಲ್ ಇನ್ನೊಂದು ಪ್ರಶ್ನೆ ಕೇಳಿದ್ರು, ತೊಂದರೆ ಇಡೀ ದೇಹದ್ದಾ ಅಥವಾ ಸ್ನಾಯುದ್ದು ಮಾತ್ರನಾ ಅಂತ. ದೇಹದಿಂದ ಹೊರಗೆ ತೆಗೆದಿಟ್ಟ ರಕ್ತದಲ್ಲಿ ರಕ್ತಕಣಗಳು ಗ್ಲೂಕೋಸ್ ಒಡೆದು ಲ್ಯಾಕ್ಟೇಟ್ ಮಾಡ್ತವೆ, ಆತನ ರಕ್ತ ಅದನ್ನ ಮಾಮೂಲಿಯಾಗೇ ಮಾಡ್ತು. ಹಾಗಾಗಿ ತೊಂದರೆ ಇರೋದು ಸ್ನಾಯು ಒಳಗೆ, ಗ್ಲೈಕೋಜೆನ್‌ನಿಂದ ಲ್ಯಾಕ್ಟಿಕ್ ಆಸಿಡ್ ತನಕ ಹೋಗೋ ದಾರಿಯಲ್ಲಿ ಎಲ್ಲೋ ಒಂದು ಕಡೆ ಅಂತ ಬರೆದ್ರು. ಎಲ್ಲಿ ಅಂತ ಹೇಳಲಿಲ್ಲ, ಹೇಳೋಕೆ ಅವರ ಹತ್ರ ಆಧಾರ ಇರಲಿಲ್ಲ. ಗೊತ್ತಿದ್ದಷ್ಟು ಹೇಳಿ ಅಲ್ಲಿಗೆ ಪೆನ್ನು ಕೆಳಗಿಟ್ಟಿದ್ದು ನನಗೆ ತುಂಬಾ ಇಷ್ಟ ಆಗತ್ತೆ.

ಈ ಕೇಸ್‌ಗೆ ಒಂದು ಹಳೇ ನೆಂಟಸ್ತಿಕೆನೂ ಇದೆ. 1920ರ ದಶಕದಲ್ಲಿ ಸ್ನಾಯು ಬಿಗಿಯೋದಕ್ಕೆ ಲ್ಯಾಕ್ಟಿಕ್ ಆಸಿಡ್ಡೇ ಕಾರಣ ಅನ್ನೋ ನಂಬಿಕೆ ಗಟ್ಟಿಯಾಗಿತ್ತು, ಆರ್ಚಿಬಾಲ್ಡ್ ಹಿಲ್ ಮತ್ತು ಓಟ್ಟೋ ಮೇಯರ್‌ಹಾಫ್ ಇಬ್ಬರಿಗೂ ಸ್ನಾಯುವಿನ ಶಾಖ, ಲ್ಯಾಕ್ಟಿಕ್ ಆಸಿಡ್ ಕೆಲಸಕ್ಕೇ 1922ರ ನೊಬೆಲ್ ಬಂದಿತ್ತು. 1930ರಲ್ಲಿ ಡೆನ್ಮಾರ್ಕಿನ ಐನಾರ್ ಲುಂಡ್ಸ್‌ಗೋರ್ ಕಪ್ಪೆ ಸ್ನಾಯುಗೆ ಅಯೋಡೋಅಸಿಟೇಟ್ ಅನ್ನೋ ವಿಷ ಕೊಟ್ಟು ನೋಡಿದ್ರು. ಲ್ಯಾಕ್ಟಿಕ್ ಆಸಿಡ್ ಹುಟ್ಟೋದು ಪೂರ್ತಿ ನಿಂತುಹೋಯ್ತು, ಆದ್ರೂ ಸ್ನಾಯು ಒಂದಷ್ಟು ಹೊತ್ತು ಬಿಗಿದು ಬಿಗಿದು ಕೆಲಸ ಮಾಡ್ತು, ಕ್ರಿಯೇಟಿನ್ ಫಾಸ್ಫೇಟ್ ಮುಗಿದ ಮೇಲೆ ಗಟ್ಟಿಯಾಗಿ ಸೆಟೆದು ನಿಂತ್ಕೊಳ್ತು. ಲ್ಯಾಕ್ಟಿಕ್ ಆಸಿಡ್ ಇಲ್ದೇನೂ ಸ್ನಾಯು ಕೆಲಸ ಮಾಡತ್ತೆ ಅಂತ ಅವತ್ತೇ ಸಾಬೀತಾಯ್ತು. ತಮ್ಮ ಪೇಷಂಟ್‌ನ ಸ್ನಾಯುಗೂ ವಿಷ ಹಾಕಿದ ಆ ಸ್ನಾಯುಗೂ ಇರೋ ಹೋಲಿಕೆನ ಮ್ಯಾಕ್‌ಆರ್ಡಲ್ ಗುರುತಿಸಿದ್ರು. ಇಲ್ಲಿ ಯಾರೂ ವಿಷ ಕೊಟ್ಟಿಲ್ಲ, ಆತ ಹುಟ್ಟಿದ್ದೇ ಹಾಗೆ.

ಇನ್ನೊಂದು ಸಾಕ್ಷಿ ಇದೆ, ನನ್ನ ಮಟ್ಟಿಗೆ ಇಡೀ ಕೇಸಲ್ಲಿ ಇದೇ ಮುಖ್ಯ. ರಾತ್ರಿ ನಿದ್ದೆಯಲ್ಲಿ ಮೀನಖಂಡ ಹಿಡ್ಕೊಂಡು ಎದ್ದು ಕೂರ್ತೀವಲ್ಲ, ಆ ಮಾಮೂಲಿ ಸೆಡೆತದಲ್ಲಿ ಸೂಜಿ ಇಟ್ಟು ವಿದ್ಯುತ್ ಚಟುವಟಿಕೆ ನೋಡಿದ್ರೆ ಸ್ನಾಯು ಭಯಂಕರ ಗಲಾಟೆ ಮಾಡ್ತಿರತ್ತೆ, ನರ ಬಿಡದೆ ಸಿಗ್ನಲ್ ಕಳಿಸ್ತಿರತ್ತೆ. ಈ ಪೇಷಂಟ್‌ನ ಹಿಡ್ಕೊಂಡ ಸ್ನಾಯುವಿನಲ್ಲಿ ನೋಡಿದ್ರೆ ಪೂರ್ತಿ ಮೌನ, ಒಂದು ಗೆರೆನೂ ಏಳಲ್ಲ. ನರ ಆಗಲೇ "ಬಿಡು" ಅಂದಾಗಿದೆ, ಸ್ನಾಯುಗೆ ಬಿಡೋಕೆ ಆಗ್ತಿಲ್ಲ. ಹೊರಗಿಂದ ನೋಡೋಕೆ ಎರಡೂ ಒಂದೇ ಥರ, ಒಳಗೆ ನಡೀತಿರೋದು ಪೂರ್ತಿ ಬೇರೆ. ಎಟಿಪಿ ಒಟ್ಟಾರೆ ಖಾಲಿ ಆಗೋಗತ್ತೆ ಅಂತಲ್ಲ, ಆಮೇಲಿನ ಸ್ಕ್ಯಾನ್‌ಗಳಲ್ಲಿ ಅಳೆದಾಗ ಇಂಥ ಪೇಷಂಟ್‌ಗಳ ಸ್ನಾಯುವಿನ ಒಟ್ಟು ಎಟಿಪಿ ಅಷ್ಟೇನೂ ಇಳಿದಿರಲಿಲ್ಲ, ಆದ್ರೆ ಎಟಿಪಿ ಖರ್ಚಾದ ಮೇಲೆ ಉಳಿಯೋ ಎಡಿಪಿ ಮತ್ತೆ ಫಾಸ್ಫೇಟ್ ರಾಶಿ ಬಿದ್ದಿರತ್ತೆ. ಎಡಿಪಿ ಜಾಸ್ತಿ ಆದ್ರೆ ಮಯೋಸಿನ್ ತಲೆ ಬಿಡೋದೂ ನಿಧಾನ, ಕ್ಯಾಲ್ಸಿಯಂ ಪಂಪಿನ ಕಸುವೂ ಕಮ್ಮಿ. ಸಡಿಲ ಆಗೋದು ಒಂದು ಕೆಲಸ, ಅದಕ್ಕೂ ಇಂಧನ ಬೇಕು ಅನ್ನೋದನ್ನ ಬದುಕಿರೋ ಮನುಷ್ಯನಲ್ಲಿ ಇದಕ್ಕಿಂತ ಸ್ಪಷ್ಟವಾಗಿ ತೋರಿಸೋ ಇನ್ನೊಂದು ಕೇಸ್ ನನಗಂತೂ ಗೊತ್ತಿಲ್ಲ.

ಎಲ್ಲಿ ಕೆಟ್ಟಿದೆ ಅನ್ನೋದಕ್ಕೆ ಉತ್ತರ ಸಿಕ್ಕಿದ್ದು 1959ರಲ್ಲಿ, ಬೇರೆ ಪೇಷಂಟ್‌ಗಳ ಸ್ನಾಯು ಚೂರು ತೆಗೆದು ನೋಡಿದ ಎರಡು ಬೇರೆ ಬೇರೆ ತಂಡಗಳಿಂದ, ಒಂದರಲ್ಲಿ ಮಾಮ್ಮಾರ್ಟ್ಸ್ ಮತ್ತು ಜೊತೆಗಾರರು, ಇನ್ನೊಂದರಲ್ಲಿ ಶ್ಮಿಡ್ ಮತ್ತು ಮಾಹ್ಲರ್. ಸ್ನಾಯುವಿನಲ್ಲಿ ಗ್ಲೈಕೋಜೆನ್ ಮಾಮೂಲಿಗಿಂತ ಜಾಸ್ತಿನೇ ಇತ್ತು, ಆದ್ರೆ ಅದನ್ನ ಒಡೆಯೋ ಫಾಸ್ಫೊರಿಲೇಸ್ ಅನ್ನೋ ಕಿಣ್ವನೇ ಇರಲಿಲ್ಲ. ಕಣಜದ ತುಂಬ ಧಾನ್ಯ ಇದೆ, ಬಾಗಿಲಿಗೆ ಬೀಗ ಬಿದ್ದಿದೆ, ಮನೆಯವರು ಉಪವಾಸ. ಈ ಕಿಣ್ವದ ಕೆಲಸನ ಮೊದಲು ಬಿಡಿಸಿ ತೋರಿಸಿದ್ದು ಕಾರ್ಲ್ ಕೋರಿ ಮತ್ತು ಗರ್ಟಿ ಕೋರಿ ದಂಪತಿ, 1947ರಲ್ಲಿ ಅವರಿಗೆ ನೊಬೆಲ್ ಬಂತು. ಆಮೇಲೆ ಜೀನ್ ಕೂಡ ಸಿಕ್ತು, 11ನೇ ಕ್ರೋಮೋಸೋಮಿನಲ್ಲಿದೆ. ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದ್ರೆ ಮಾತ್ರ ಕಾಯಿಲೆ, ಲಕ್ಷಕ್ಕೆ ಒಬ್ಬರು ಅನ್ನೋದು ಸಾಮಾನ್ಯವಾಗಿ ಕೊಡೋ ಅಂದಾಜು. ಈಗ ಇದನ್ನ ಮ್ಯಾಕ್‌ಆರ್ಡಲ್ ಕಾಯಿಲೆ ಅಂತಾನೇ ಕರೀತಾರೆ.

ಲಿವರ್‌ಗೆ ಯಾಕೆ ತೊಂದರೆ ಆಗಲ್ಲ ಅಂತ ಕೇಳಬಹುದು. ಲಿವರ್‌ದು ಫಾಸ್ಫೊರಿಲೇಸ್ ಬೇರೆ ಜೀನಿಂದ ಬರತ್ತೆ, ಮೆದುಳಿಂದು ಮತ್ತೊಂದು. ಹೃದಯದ ಸ್ನಾಯು ಮೆದುಳಿನ ರೂಪನೂ ಬಳಸ್ಕೊಳ್ಳೋದ್ರಿಂದ ಬಚಾವ್. ಹಾಗಾಗಿ ಈ ಪೇಷಂಟ್‌ಗಳಿಗೆ ಶುಗರ್ ಲೆವೆಲ್ ಸರಿಯಾಗೇ ಇರತ್ತೆ, ಎದೆ ಬಡಿತಕ್ಕೂ ಧಕ್ಕೆ ಇಲ್ಲ, ಕೈಕಾಲು ಆಡಿಸೋ ಸ್ನಾಯುಗಳಿಗೆ ಮಾತ್ರ ಕಷ್ಟ.

ಇಷ್ಟೆಲ್ಲ ಕೇಳಿದ ಮೇಲೆ ಇವರು ನಡೆಯೋಕೂ ಆಗಲ್ಲ ಅನ್ಕೋಬೇಡಿ. 1961ರಲ್ಲಿ ಪಿಯರ್ಸನ್ ಮತ್ತು ಜೊತೆಗಾರರು ಒಂದು ಚಂದದ ವಿಷಯ ವಿವರಿಸಿದ್ರು, ಅದನ್ನ ಸೆಕೆಂಡ್ ವಿಂಡ್ ಅಂತಾರೆ. ಪೇಷಂಟ್ ನಡೆಯೋಕೆ ಶುರು ಮಾಡ್ತಾರೆ, ಮೊದಲ ಕೆಲವು ನಿಮಿಷ ಕಾಲು ಭಾರ, ಎದೆ ಡಬಡಬ, ಏದುಸಿರು. ಆಗ ಹಠಕ್ಕೆ ಬಿದ್ದು ಜೋರು ಮಾಡದೆ, ಪೂರ್ತಿ ಕೂರದೇನೂ, ಸ್ವಲ್ಪ ನಿಧಾನ ಮಾಡ್ಕೊಂಡು ನಡೀತಾ ಇದ್ರೆ ಸುಮಾರು 8ರಿಂದ 10 ನಿಮಿಷಕ್ಕೆ ಒಮ್ಮೆಲೇ ಹಗುರ ಆಗತ್ತೆ, ಅದೇ ಸ್ಪೀಡಲ್ಲೇ ನಡೀತಿದ್ರೂ ಹೃದಯದ ಬಡಿತ ಇಳಿಯತ್ತೆ. ನಮಗೆಲ್ಲ ಕೆಲಸ ಮುಂದುವರಿದ ಹಾಗೆ ಬಡಿತ ಏರತ್ತೆ, ಇವರಿಗೆ ಇಳಿಯತ್ತೆ. ಕಾರಣ ಏನು? ಅಷ್ಟು ಹೊತ್ತಿಗೆ ಲಿವರಿನಿಂದ ಗ್ಲೂಕೋಸ್, ಕೊಬ್ಬಿನ ಶೇಖರಣೆಯಿಂದ ಕೊಬ್ಬಿನಾಮ್ಲ ರಕ್ತದಲ್ಲಿ ಸ್ನಾಯುಗೆ ಬಂದು ತಲುಪಿರತ್ತೆ. ಒಳಗಿನ ಇಂಧನ ಸಿಗದಿದ್ರೂ ಹೊರಗಿಂದ ಬಂದಿದ್ದನ್ನ ಉರಿಸೋಕೆ ಅಡ್ಡಿ ಇಲ್ಲ. ಫಾಸ್ಫೊರಿಲೇಸ್ ಇರೋದು ಗ್ಲೈಕೋಜೆನ್ ಒಡೆಯೋಕೆ, ರಕ್ತದ ಗ್ಲೂಕೋಸ್ ಆ ಮೆಟ್ಟಿಲ ಮುಂದೆ ಬಂದು ಸೇರ್ಕೊಳ್ಳತ್ತೆ. ಇದೇ ತಿಳುವಳಿಕೆ ಮೇಲೆ 2003ರಲ್ಲಿ ವಿಸಿಂಗ್ ಮತ್ತು ಹಾಲರ್ ವ್ಯಾಯಾಮಕ್ಕೆ ಮುಂಚೆ 75 ಗ್ರಾಂ ಸಕ್ಕರೆ ಕುಡಿಸಿ ನೋಡಿದ್ರು, ಮೊದಲ ನಿಮಿಷಗಳ ಆ ಕಷ್ಟನೇ ಎದ್ದು ಕಾಣೋವಷ್ಟು ಕಮ್ಮಿ ಆಯ್ತು. ತೂಕ ಏರೋ ಭಯ ಇರೋದ್ರಿಂದ ದಿನಾ ಇಷ್ಟು ಸಕ್ಕರೆ ಕುಡಿಯೋದು ಯಾರಿಗೂ ಒಳ್ಳೇದಲ್ಲ, ಆಮೇಲೆ ಕಮ್ಮಿ ಸಕ್ಕರೆನ ವ್ಯಾಯಾಮಕ್ಕೆ ಹತ್ತಿರದ ಹೊತ್ತಲ್ಲಿ ಕೊಟ್ಟೂ ಪರೀಕ್ಷೆ ಮಾಡಿದ್ದಾರೆ.

ಈಗ ಮೊದಲು ಹೇಳಿದ ಲ್ಯಾಕ್ಟಿಕ್ ಆಸಿಡ್ ಮಾತಿಗೆ ಬರೋಣ. 1981ರಲ್ಲಿ ರಾಸ್, ರಡ್ಡಾ ಮತ್ತು ಜೊತೆಗಾರರು ಇಂಥದ್ದೇ ಕಾಯಿಲೆ ಇರಬಹುದು ಅಂತ ಅನುಮಾನ ಇದ್ದ ಒಬ್ಬ ಪೇಷಂಟ್‌ನ ಮುಂಗೈ ಸ್ನಾಯುವನ್ನ, ಚೂರು ಕತ್ತರಿಸದೇನೇ, ರಂಜಕದ ಸಿಗ್ನಲ್ ಹಿಡಿಯೋ ಎನ್‌ಎಂಆರ್ ಯಂತ್ರದಲ್ಲಿ ನೋಡಿದ್ರು. ಆರೋಗ್ಯವಂತರ ಸ್ನಾಯು ಕೆಲಸ ಮಾಡ್ತಾ ಮಾಡ್ತಾ ಆಮ್ಲೀಯ ಆಗತ್ತೆ, ಈ ಪೇಷಂಟ್‌ದು ಆಗಲೇ ಇಲ್ಲ. ಆಮ್ಲ ಇಲ್ಲ, ಸುಸ್ತು ಮಾತ್ರ ಆರೋಗ್ಯವಂತರಿಗಿಂತ ಎಷ್ಟೋ ಬೇಗ! ಅಂದ್ಮೇಲೆ ಸ್ನಾಯು ಸೋಲೋಕೆ ಆಮ್ಲ ಬೇಕೇ ಬೇಕು ಅಂತೇನಿಲ್ಲ, ಫಾಸ್ಫೇಟ್ ಎಡಿಪಿ ರಾಶಿ ಬಿದ್ರೆ ಸಾಕು. ಇನ್ನು ಜಿಮ್ಮಿಗೆ ಹೋಗಿ ಬಂದು ಮಾರನೇ ದಿನ ಮೆಟ್ಟಿಲು ಇಳಿಯೋಕಾಗದ ಹಾಗೆ ಬರೋ ನೋವು ಇದ್ಯಲ್ಲ, ಅದು ಜೋರಾಗೋದು ಒಂದರಿಂದ ಮೂರು ದಿನದ ಮಧ್ಯೆ, ಲ್ಯಾಕ್ಟೇಟ್ ಆದ್ರೋ ವ್ಯಾಯಾಮ ನಿಲ್ಲಿಸಿದ ಸುಮಾರು ಒಂದು ಗಂಟೆಯಲ್ಲಿ ಮೊದಲಿದ್ದ ಮಟ್ಟಕ್ಕೆ ಇಳಿದಿರತ್ತೆ, ಹೃದಯ ಮತ್ತೆ ಬೇರೆ ಸ್ನಾಯುಗಳು ಅದನ್ನ ಇಂಧನವಾಗಿ ಉರಿಸ್ಕೊಂಡಿರ್ತವೆ. ಮಾರನೇ ದಿನದ ನೋವಿಗೆ ಕಾರಣ ಸ್ನಾಯು ತಂತುಗಳಿಗೆ ಆದ ಸಣ್ಣ ಸಣ್ಣ ಪೆಟ್ಟು ಮತ್ತು ಅದನ್ನ ರಿಪೇರಿ ಮಾಡುವಾಗ ಬರೋ ಉರಿಯೂತ, ಮುಖ್ಯವಾಗಿ ಭಾರ ಕೆಳಗಿಳಿಸುವಾಗ, ಇಳಿಜಾರು ಇಳಿಯುವಾಗ, ಅಂದ್ರೆ ಸ್ನಾಯು ಬಿಗಿದಿದ್ದಾಗಲೇ ಉದ್ದ ಎಳೆಸ್ಕೊಳ್ಳೋ ಕೆಲಸದಲ್ಲಿ ಆಗೋ ಪೆಟ್ಟು.

ಮ್ಯಾಕ್‌ಆರ್ಡಲ್ ಕಾಯಿಲೆಯಲ್ಲಿ ನಿಜವಾಗಿ ಹೆದರಬೇಕಾಗಿರೋದು ಬೇರೆ. ನೋವು ಬಂದ ಮೇಲೂ ಹಠ ಮಾಡಿ ಭಾರ ಎತ್ತಿದ್ರೆ, ಓಡಿದ್ರೆ, ಸ್ನಾಯು ಕೋಶಗಳು ಒಡೆದು ಒಳಗಿನ ಮಯೋಗ್ಲೋಬಿನ್ ರಕ್ತಕ್ಕೆ ಸೇರಿ ಕಿಡ್ನಿಗೆ ಹೋಗತ್ತೆ, ಮೂತ್ರ ಕಪ್ಪು ಕಾಫಿ ಬಣ್ಣ ಆಗತ್ತೆ. ಈ ಪೇಷಂಟ್‌ಗಳಲ್ಲಿ ಸುಮಾರು ಅರ್ಧ ಜನ ಒಂದಲ್ಲ ಒಂದು ಸಲ ಇದನ್ನ ಕಂಡಿರ್ತಾರೆ, ಕೆಲವರಿಗೆ ಕಿಡ್ನಿ ಫೇಲ್ ಆಗೋವರೆಗೂ ಹೋಗತ್ತೆ. ಕಾಯಿಲೆ ಇರಲಿ ಬಿಡಲಿ, ಜೋರು ವ್ಯಾಯಾಮ ಆದ ಮೇಲೆ ಯಾರಿಗೇ ಆದ್ರೂ ಮೂತ್ರ ಆ ಬಣ್ಣ ಬಂದ್ರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು, ನಾಳೆ ನೋಡೋಣ ಅನ್ನಬಾರದು. ರಕ್ತದಲ್ಲಿ ಸಿಕೆ ಅಂದ್ರೆ ಕ್ರಿಯೇಟಿನ್ ಕೈನೇಸ್ ಅಳೆದ್ರೆ ಸ್ನಾಯು ಎಷ್ಟು ಒಡೆದಿದೆ ಅಂತ ಗೊತ್ತಾಗತ್ತೆ. ಮ್ಯಾಕ್‌ಆರ್ಡಲ್ ಪೇಷಂಟ್‌ಗಳಿಗೆ ಇದು ಸುಮ್ಮನೆ ಕೂತಿದ್ದಾಗಲೂ ಜಾಸ್ತಿನೇ ಇರತ್ತೆ, ಎಷ್ಟೋ ಸಲ ಕಾಯಿಲೆ ಪತ್ತೆ ಆಗೋದೇ ಬೇರೆ ಯಾವುದಕ್ಕೋ ಮಾಡಿಸಿದ ಟೆಸ್ಟಲ್ಲಿ ಈ ನಂಬರ್ ನೋಡಿ.

ಮ್ಯಾಕ್‌ಆರ್ಡಲ್ ಮಾಡಿದ ಆ ಪಟ್ಟಿ ಟೆಸ್ಟ್ ಈಗ ಹಾಗೇ ಮಾಡಲ್ಲ. ರಕ್ತ ನಿಲ್ಲಿಸಿ ಕೆಲಸ ಮಾಡಿಸಿದ್ರೆ ಈ ಸ್ನಾಯು ಕೊಳೆತು ಹೋಗೋ ಅಪಾಯ ಇದೆ, ಹಾಗಾಗಿ ಪಟ್ಟಿ ಕಟ್ಟದೇನೇ ಮುಷ್ಟಿ ಹಿಸುಕಿಸಿ ಲ್ಯಾಕ್ಟೇಟ್ ಜೊತೆ ಅಮೋನಿಯಾನೂ ಅಳೀತಾರೆ. ಅಮೋನಿಯಾ ಯಾಕೆ ಅಂದ್ರೆ, ಎಟಿಪಿ ಸಾಲದೇ ಇದ್ದಾಗ ಸ್ನಾಯು ಎರಡು ಎಡಿಪಿ ಸೇರಿಸಿ ಒಂದು ಎಟಿಪಿ ಮಾಡ್ಕೊಳ್ಳತ್ತೆ, ಉಳಿದ ಎಎಂಪಿ ಒಡೆದಾಗ ಅಮೋನಿಯಾ ಬರತ್ತೆ. ಲ್ಯಾಕ್ಟೇಟ್ ಏರದೆ ಅಮೋನಿಯಾ ವಿಪರೀತ ಏರಿದ್ರೆ ಪೇಷಂಟ್ ಪ್ರಾಮಾಣಿಕವಾಗಿ ಶ್ರಮ ಹಾಕಿದ್ದಾರೆ, ಸ್ನಾಯುಗೇ ದಾರಿ ಇಲ್ಲ ಅಂತ ಅರ್ಥ. ಎರಡೂ ಏರದಿದ್ರೆ ಸರಿಯಾಗಿ ಹಿಸುಕಿಲ್ಲ ಅಂತ ಅನುಮಾನ ಪಡ್ತಾರೆ. ಕೊನೇ ತೀರ್ಮಾನ ಜೀನ್ ಟೆಸ್ಟ್ ಅಥವಾ ಸ್ನಾಯು ಚೂರಿನ ಪರೀಕ್ಷೆಯಿಂದ.

ಕಿಣ್ವ ವಾಪಸ್ ಕೊಡೋ ಔಷಧಿ ಇನ್ನೂ ಇಲ್ಲ. ಹಾಗಂತ ಪೂರ್ತಿ ರೆಸ್ಟ್ ಮಾಡಿ ಅಂತ ಹೇಳೋದೂ ತಪ್ಪು, ಹಿಂದೆ ಹಾಗೆ ಹೇಳ್ತಿದ್ರು, ಅದರಿಂದ ಹೃದಯ ಮತ್ತೆ ಸ್ನಾಯುವಿನ ಸಾಮರ್ಥ್ಯ ಇನ್ನೂ ಇಳಿದು ಚಿಕ್ಕ ಕೆಲಸಕ್ಕೂ ಏದುಸಿರು ಬರೋ ಹಾಗಾಗತ್ತೆ. ನಿಧಾನವಾಗಿ ಶುರು ಮಾಡಿ ಸೆಕೆಂಡ್ ವಿಂಡ್ ಬರೋವರೆಗೆ ಕಾದು ಆಮೇಲೆ ಸ್ವಲ್ಪ ಹೊತ್ತು ನಡೆಯೋದು, ಸೈಕಲ್ ತುಳಿಯೋದು ಮಾಡಿದ್ರೆ ರಕ್ತದ ಇಂಧನ ಬಳಸ್ಕೊಳ್ಳೋ ದಾರಿ ಬಲವಾಗತ್ತೆ. ಉಸಿರು ಬಿಗಿಹಿಡಿದು ಭಾರ ಎತ್ತೋದು, ಒಂದೇ ಭಂಗಿಯಲ್ಲಿ ಸ್ನಾಯು ಬಿಗಿಹಿಡಿದು ನಿಲ್ಲೋದು, ಏಕಾಏಕಿ ಓಡೋದು ಬೇಡ. ಆಪರೇಷನ್ ಇದ್ರೆ ಅರಿವಳಿಕೆ ಡಾಕ್ಟರಿಗೆ ಮುಂಚೆನೇ ಹೇಳಬೇಕು, ಯಾಕಂದ್ರೆ ಆಪರೇಷನ್ ಹೊತ್ತಲ್ಲಿ ಕೈಗೋ ಕಾಲಿಗೋ ರಕ್ತ ನಿಲ್ಲಿಸೋ ಪಟ್ಟಿ ಕಟ್ಟೋದು, ಮತ್ತೆ ಸ್ನಾಯುಗಳನ್ನ ಅದುರಿಸೋ ಕೆಲವು ಔಷಧಿ ಕೊಡೋದು ಇವರ ಸ್ನಾಯುಗೆ ತಡ್ಕೊಳ್ಳೋಕೆ ಆಗಲ್ಲ.